ತಲೆಗೆ ಪೆಟ್ಟಾದ ಮೇಲೆ ‘ತಾನ ಮಾಡ್ಕೋತಾನ್ರಿ’ ಅಂದರೆ ಎಷ್ಟು? ಸ್ವಾವಲಂಬನೆ ಅಳೆಯುವ ಮಾಪಕಗಳ ಹೋಲಿಕೆ

ಡಿಸ್ಚಾರ್ಜ್ ಕಾಗದದ ಕೊನೆಗೆ ಒಂದು ಸಾಲು ಇರುತ್ತದೆ: ಬಾರ್ತೆಲ್ ಇಂಡೆಕ್ಸ್ 95/100. ಮನೆಯವರಿಗೆ ಅದು ಮಾರ್ಕ್ಸ್. ನೂರಕ್ಕೆ ತೊಂಬತ್ತೈದು ಬಿದ್ದ ಮೇಲೆ ಹುಡುಗ ಪಾಸಾದ ಲೆಕ್ಕ. ಕೆಲವು ವಾರ ಕಳೆದ ಮೇಲೆ ಅದೇ ಮನೆಯಿಂದ ಫೋನ್ ಬರುತ್ತದೆ: “ಎಲ್ಲಾ ತಾನ ಮಾಡ್ಕೋತಾನ್ರಿ ಸರ. ಆದ್ರ ಒಬ್ಬಾವನ್ನ ಬಿಟ್ಟು ಹೊಲಕ್ಕ ಹೋಗಾಕ ಧೈರ್ಯ ಬರವಲ್ದು.” ಕಾಗದವೂ ಸುಳ್ಳಲ್ಲ, ತಾಯಿಯ ಮಾತೂ ಸುಳ್ಳಲ್ಲ. ಕಾಗದ ಕೇಳಿದ ಪ್ರಶ್ನೆಯೇ ಬೇರೆ, ತಾಯಿಗೆ ಬೇಕಾದ ಉತ್ತರವೇ ಬೇರೆ.

ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ಧಾರವಾಡ ಎರಡೂ ಜಿಲ್ಲೆಗಳ ಮೂಲಕ ಹಾದು ಹೋಗುತ್ತದೆ. ಗದಗಿನ ಕಡೆ ಹೋಗುವ ರಸ್ತೆಯಲ್ಲೂ ವಾಹನ ಕಡಿಮೆ ಇಲ್ಲ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರು, ಟ್ರ್ಯಾಕ್ಟರ್ ಟ್ರೇಲರಿನಿಂದ ಉರುಳಿದವರು, ಕಟ್ಟಡದ ಸೆಂಟ್ರಿಂಗ್ ಮೇಲಿಂದ ಜಾರಿದವರು ಐಸಿಯು ದಾಟಿ ಮನೆಗೆ ಬರುತ್ತಾರೆ. ಅಲ್ಲಿಂದ ಮುಂದಿನ ಲೆಕ್ಕ ಇಡುವವರು ಯಾರು? ಫಿಜಿಯೊಥೆರಪಿಸ್ಟ್, ನರ್ಸ್, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನನ್ನಂಥ ಆಕ್ಯುಪೇಶನಲ್ ಥೆರಪಿಸ್ಟ್‌ಗಳು (ದಿನದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವವರು), ಎಲ್ಲರಿಗಿಂತ ಹೆಚ್ಚಾಗಿ ಮನೆಯವರು. ನಮ್ಮ ಮುಂದಿರುವ ಮಾಪಕಗಳಲ್ಲಿ ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕು ಎಂಬುದೇ ಈ ಬರಹದ ವಿಷಯ.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. “ಜಿಸಿಎಸ್ 15 ಆಗೇತ್ರಿ” ಎಂದು ಹೇಳಿ ಎಷ್ಟೋ ಜನ ನೆಮ್ಮದಿ ಪಡುತ್ತಾರೆ. ಗ್ಲಾಸ್ಗೋ ಕೋಮಾ ಸ್ಕೇಲ್ 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ಮಾಡಿದ್ದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಅದು ಎಚ್ಚರದ ಅಳತೆ. 15 ಬಂದವರು ಎಚ್ಚರವಾಗಿದ್ದಾರೆ, ಅಷ್ಟೆ. ಗುಳಿಗಿ ನೆನಪಿಟ್ಟು ತಗೊಳ್ಳುತ್ತಾರೋ, ಗ್ಯಾಸ್ ಬಂದ್ ಮಾಡುತ್ತಾರೋ ಎಂಬುದು ಅದರಲ್ಲಿ ಸಿಗುವುದಿಲ್ಲ.

ಬಾರ್ತೆಲ್: ಎಷ್ಟು ಕೈ ಬೇಕು?

ಫ್ಲಾರೆನ್ಸ್ ಮಹೋನಿ ಮತ್ತು ಡೊರೊಥಿಯಾ ಬಾರ್ತೆಲ್ 1965ರಲ್ಲಿ ಪ್ರಕಟಿಸಿದ ಈ ಪಟ್ಟಿಯಲ್ಲಿ ಹತ್ತು ಅಂಶಗಳಿವೆ: ಊಟ, ಜಳಕ, ಮುಖ-ಹಲ್ಲು-ತಲೆ ನೋಡಿಕೊಳ್ಳುವುದು, ಬಟ್ಟೆ, ಮಲದ ಹಿಡಿತ, ಮೂತ್ರದ ಹಿಡಿತ, ಸಂಡಾಸಿಗೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ನಡಿಗೆ, ಮೆಟ್ಟಿಲು. ಐದೈದರ ಲೆಕ್ಕದಲ್ಲಿ ಅಂಕ, ಒಟ್ಟು 100. ಹತ್ತು ನಿಮಿಷದ ಕೆಲಸ, ದುಡ್ಡು ಬೇಡ, ಅಂಥ ದೊಡ್ಡ ತರಬೇತಿಯೂ ಬೇಡ. ವಾರ್ಡಿನಿಂದ ಮನೆಗೆ ಕಳಿಸುವಾಗ ಎಷ್ಟು ಜನರ ಕೈ ಬೇಕು, ಹಾಸಿಗೆ ಕೆಳಗಿರಬೇಕೋ ಮಂಚ ಬೇಕೋ, ಸಂಡಾಸಿಗೆ ಯಾರು ಹಿಡಿದುಕೊಂಡು ಹೋಗಬೇಕು ಎಂದು ತೀರ್ಮಾನಿಸಲು ಇದಕ್ಕಿಂತ ಸುಲಭದ್ದು ಇಲ್ಲ. ಅರ್ಧ ಮೈ ಬಿದ್ದವರಲ್ಲಿ, ಕಾಲು ಮುರಿದೂ ತಲೆಗೂ ಪೆಟ್ಟಾದವರಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಇದನ್ನು ತುಂಬುವ ರೀತಿಯಲ್ಲೇ ಅರ್ಧ ತಪ್ಪು ನಡೆಯುತ್ತದೆ. ಬಾರ್ತೆಲ್‌ಗೆ ಬಳಕೆಯಲ್ಲಿರುವ ಸೂಚನೆ ಸ್ಪಷ್ಟವಾಗಿದೆ. ರೋಗಿ ಏನು ಮಾಡಬಲ್ಲ ಎಂಬುದನ್ನಲ್ಲ, ಏನು ಮಾಡುತ್ತಿದ್ದಾನೆ ಎಂಬುದನ್ನು ಬರೆಯಬೇಕು. ಕೈ ಹಚ್ಚಿ ಮಾಡುವ ಸಹಾಯವಷ್ಟೇ ಅಲ್ಲ, ಬಾಯಿಮಾತಿನ ಸಹಾಯವೂ ಸಹಾಯವೇ. ಪಕ್ಕದಲ್ಲಿ ಒಬ್ಬರು ನಿಂತು ಕಾಯಬೇಕಾದರೆ ಅವರು ಸ್ವತಂತ್ರರಲ್ಲ. ಊರುಗೋಲು, ವಾಕರ್ ಹಿಡಿದು ತಾವೇ ನಡೆದರೆ ಅಂಕ ಕಡಿಮೆ ಮಾಡಬೇಕಿಲ್ಲ.

ಜಳಕವನ್ನೇ ತಗೊಳ್ಳಿ. ಅದಕ್ಕೆ ಎರಡೇ ಅಂಕ: ಸೊನ್ನೆ ಇಲ್ಲವೇ ಐದು. “ಜಳಕ ಒಬ್ಬರ ಮಾಡ್ತಾರೇನ್ರಿ ಅಕ್ಕಾರ?” ಎಂದರೆ “ಹೂಂ ರಿ, ಮಾಡ್ತಾರ್ರಿ” ಎಂಬ ಉತ್ತರ ಬರುತ್ತದೆ. ಐದು ಬರೆದು ಮುಂದಿನ ಸಾಲಿಗೆ ಹೋಗಬಹುದು. ಹೋಗಬೇಡಿ. ಹಂಡೆಯಿಂದ ಬಿಸಿನೀರು ತೋಡಿಕೊಟ್ಟವರು ಯಾರು? ತಣ್ಣೀರು ಬೆರೆಸಿದ್ದು ಯಾರು? ಜಳಕಕ್ಕೆ ಏಳಿ ಅಂತ ಎಷ್ಟು ಸಲ ಹೇಳಬೇಕಾಯಿತು? ಸಾಬೂನು ಹಚ್ಚಿಕೊಂಡರೋ, ಬರೀ ಎರಡು ತಂಬಿಗೆ ಸುರುವಿಕೊಂಡು ಬಂದರೋ? ಬೆಟಗೇರಿಯ ಒಂದು ಮನೆಯಲ್ಲಿ, ಮಗ್ಗದ ಕೆಲಸದವರೊಬ್ಬರಿಗೆ ಬೈಕ್ ಅಪಘಾತದಲ್ಲಿ ಹಣೆಯ ಭಾಗಕ್ಕೆ ಪೆಟ್ಟಾಗಿತ್ತು. ನಡಿಗೆ, ಊಟ, ಬಟ್ಟೆ ಎಲ್ಲ ಸರಿ. ಜಳಕದ ಹೊತ್ತಿಗೆ ಹೆಂಡತಿ ಬಚ್ಚಲ ಬಾಗಿಲ ಹೊರಗೆ ನಿಂತು, “ಈಗ ಕಾಲಿಗೆ ಹಚ್ರಿ… ಬೆನ್ನಿಗೆ… ಈಗ ನೀರ ಹಾಕ್ಕೋರಿ” ಎಂದು ಒಂದೊಂದೇ ಹೇಳುತ್ತಿದ್ದರು. ಕೈ ಹಚ್ಚುತ್ತಿರಲಿಲ್ಲ. ಹೀಗಾಗಿ ಅವರ ಲೆಕ್ಕದಲ್ಲಿ ಗಂಡ ಒಬ್ಬರೇ ಜಳಕ ಮಾಡುತ್ತಿದ್ದರು. ನಿಯಮದ ಪ್ರಕಾರ ಅಲ್ಲಿ ಸೊನ್ನೆ.

ಈಗ ಇನ್ನೊಂದು ಮಗ್ಗುಲು ನೋಡಿ. ಇಷ್ಟು ಕಟ್ಟುನಿಟ್ಟಾಗಿ ಅಂಕ ಹಾಕಿದರೂ ಅವರಿಗೆ ಹೋದದ್ದು ಐದೇ ಅಂಕ. 95 ಉಳಿಯಿತು. ಚಹಾಕ್ಕಿಟ್ಟು ಒಲೆ ಮರೆಯುವುದು, ಕೊಟ್ಟ ರೊಕ್ಕಕ್ಕೆ ಲೆಕ್ಕ ಹತ್ತದಿರುವುದು, ಬೇಸರವಾದರೆ ಹೇಳದೆ ಕೇಳದೆ ರೈಲ್ವೆ ಸ್ಟೇಷನ್ ಕಡೆ ಹೊರಟುಬಿಡುವುದು, ಇವು ಯಾವುದಕ್ಕೂ ಬಾರ್ತೆಲ್‌ನಲ್ಲಿ ಕಾಲಂ ಇಲ್ಲ. ತಲೆಪೆಟ್ಟಿನಲ್ಲಿ ಬಹಳ ಜನರ ತೊಂದರೆ ಇರುವುದೇ ಅಲ್ಲಿ. ಬಾರ್ತೆಲ್ ನೂರು ಮುಟ್ಟಿತೆಂದರೆ ಆ ಮಾಪಕದ ಕೆಲಸ ಮುಗಿಯಿತು ಎಂದು ತಿಳಿಯಿರಿ, ರೋಗಿಯ ಚೇತರಿಕೆ ಮುಗಿಯಿತು ಎಂದಲ್ಲ.

ನಮ್ಮ ಮನೆಗಳಿಗೆ ಹೊಂದಿಸುವಾಗ ಒಂದೆರಡು ಮಾತು. ನೆಲದ ಮೇಲೆ ಹಾಸಿ ಮಲಗುವ ಮನೆಯಲ್ಲಿ ಹಾಸಿಗೆಯಿಂದ ಕುರ್ಚಿಗೆ ಬರುವ ಪ್ರಶ್ನೆಯನ್ನು ನೆಲದಿಂದ ಎದ್ದು ನಿಲ್ಲುವುದರ ಜೊತೆಗೇ ನೋಡಿ ಟಿಪ್ಪಣಿ ಬರೆಯಿರಿ. ಮೆಟ್ಟಿಲಿಲ್ಲದ ಮನೆಯಾದರೆ ಅಂದಾಜಿನ ಮೇಲೆ ಹತ್ತು ಹಾಕಬೇಡಿ, ಗುಡಿಯ ಪಾವಟಿಗೆಯನ್ನೋ ಬಸ್ಸಿನ ಮೆಟ್ಟಿಲನ್ನೋ ಹತ್ತಿಸಿ ನೋಡಿ. ಕಮೋಡ್ ಅಲ್ಲದ ಸಂಡಾಸಿನಲ್ಲಿ ಕುಕ್ಕರಗಾಲಲ್ಲಿ ಕೂತು ಏಳುವುದು ಆಸ್ಪತ್ರೆಯಲ್ಲಿ ಕಮೋಡಿನಿಂದ ಏಳುವುದಕ್ಕಿಂತ ಬಹಳ ಕಷ್ಟ. ವಾರ್ಡಿನಲ್ಲಿ ಬಂದ ಅಂಕ ಮನೆಯಲ್ಲಿ ಇಳಿಯುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಫಿಮ್: ಚಂದ, ಆದರೆ ಬಾಗಿಲಿಗೆ ಬೀಗ

ಫಂಕ್ಷನಲ್ ಇಂಡಿಪೆಂಡೆನ್ಸ್ ಮೆಷರ್ ಅನ್ನು ಎಲ್ಲರೂ ಫಿಮ್ ಎನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದದ್ದು. 18 ಅಂಶಗಳು: 13 ದೇಹದ ಕೆಲಸಕ್ಕೆ, 5 ಬುದ್ಧಿಯ ಕೆಲಸಕ್ಕೆ. ಆ ಐದು ಯಾವುವೆಂದರೆ ಹೇಳಿದ್ದು ತಿಳಿಯುವುದು, ತನ್ನ ಮಾತು ತಿಳಿಸುವುದು, ಜನರೊಡನೆ ನಡೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ನೆನಪು. ಪ್ರತಿಯೊಂದಕ್ಕೂ 1ರಿಂದ 7. ಹೀಗೆ ಒಟ್ಟು 18ರಿಂದ 126.

ಇದರ ಜಾಣತನ ಇರುವುದು ಏಳು ಮೆಟ್ಟಿಲುಗಳಲ್ಲಿ. 7 ಎಂದರೆ ಪೂರ್ತಿ ಸ್ವತಂತ್ರ. 6 ಎಂದರೆ ಸಾಧನ ಬೇಕು ಅಥವಾ ಹೆಚ್ಚು ಹೊತ್ತು ಬೇಕು, ಆದರೆ ಮನುಷ್ಯರು ಬೇಡ. 5 ಎಂದರೆ ಮುಟ್ಟುವುದು ಬೇಡ, ಆದರೆ ನಿಂತು ನೋಡಬೇಕು, ಹೇಳಬೇಕು ಇಲ್ಲವೇ ಎಲ್ಲ ಸಜ್ಜು ಮಾಡಿಕೊಡಬೇಕು. 4ರಿಂದ ಕೆಳಗೆ ಕೈ ಹಚ್ಚುವ ಸಹಾಯ. ಬೆಟಗೇರಿಯ ಆ ಹೆಂಡತಿ ಬಾಗಿಲ ಹೊರಗೆ ನಿಂತು ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಅದರದೇ ಅಂಕ ಇದೆ: ಐದು. ಬಾರ್ತೆಲ್ ಅವರ ದುಡಿಮೆಯನ್ನು ಸೊನ್ನೆ ಇಲ್ಲವೇ ಪೂರ್ತಿ ಎಂದು ಎರಡೇ ಬಣ್ಣದಲ್ಲಿ ಕಾಣುತ್ತದೆ, ಫಿಮ್ ಅದನ್ನು ಗುರುತಿಸುತ್ತದೆ.

ತೊಂದರೆ ಏನೆಂದರೆ ಇದು ಪುಕ್ಕಟೆ ಅಲ್ಲ. ಲೈಸೆನ್ಸ್ ಬೇಕು, ಅಂಕ ಹಾಕುವವರಿಗೆ ತರಬೇತಿ ಬೇಕು. ಝೆರಾಕ್ಸ್ ಪ್ರತಿ ಇಟ್ಟುಕೊಂಡು ಅಂದಾಜಿನಿಂದ ತುಂಬಿದ ಫಿಮ್ ಯಾರಿಗೂ ಉಪಯೋಗವಿಲ್ಲ, ಒಬ್ಬರ ಐದು ಇನ್ನೊಬ್ಬರ ಮೂರಾಗಿರುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ವ್ಯವಸ್ಥೆಯೇ 2019ರ ಅಕ್ಟೋಬರ್‌ನಿಂದ ತನ್ನ ಪುನರ್ವಸತಿ ಆಸ್ಪತ್ರೆಗಳ ವರದಿಯಲ್ಲಿ ಫಿಮ್ ಬಿಟ್ಟು ಬೇರೆ ಪಟ್ಟಿಗೆ ಹೋಯಿತು. ನಿಮ್ಮ ಆಸ್ಪತ್ರೆಯಲ್ಲಿ ಲೈಸೆನ್ಸೂ ತರಬೇತಿ ಆದವರೂ ಇದ್ದರೆ ಖಂಡಿತ ಬಳಸಿ. ಇಲ್ಲದಿದ್ದರೆ ಅದರ ಹಿಂದೆ ಬೀಳಬೇಡಿ.

ಫಿಮ್‌ಗೆ ಇನ್ನೂ 12 ಅಂಶ ಸೇರಿಸಿದ ಫಿಮ್ ಪ್ಲಸ್ ಫ್ಯಾಮ್ ಎಂಬುದೂ ಇದೆ, ಒಟ್ಟು 30. ಸೇರಿದ ಅಂಶಗಳಲ್ಲಿ ಗಮನ, ಅಪಾಯ ಅರಿಯುವ ವಿವೇಚನೆ, ಮನಸ್ಸಿನ ಸ್ಥಿತಿ, ಊರೊಳಗೆ ಓಡಾಟ, ಕೆಲಸಕ್ಕೆ ಸೇರುವ ಅರ್ಹತೆ ಬರುತ್ತವೆ. ತಲೆಪೆಟ್ಟಿನವರಿಗೆ ಬೇಕಾದದ್ದೇ ಅದು. ಆದರೆ ಇಡೀ ತಂಡ ಒಟ್ಟಿಗೆ ಕೂತು ತುಂಬಬೇಕಾದ ಮಾಪಕ. ಒಬ್ಬಿಬ್ಬರೇ ಇರುವ ಕಡೆ ಇದು ನಡೆಯುವುದಿಲ್ಲ.

ಡಿಆರ್‌ಎಸ್: ಮಬ್ಬಿನಿಂದ ಮನೆಯವರೆಗೆ ಒಂದೇ ದಾರ

1982ರಲ್ಲಿ ರಪ್ಪಪೋರ್ಟ್ ಮತ್ತು ಸಂಗಡಿಗರು ಮಾಡಿದ ಡಿಸಬಿಲಿಟಿ ರೇಟಿಂಗ್ ಸ್ಕೇಲ್ ತಲೆಪೆಟ್ಟಿಗೆಂದೇ ಹುಟ್ಟಿದ್ದು. ಎಂಟು ಅಂಶ. ಇಲ್ಲಿ ಅಂಕ ಹೆಚ್ಚಾದಷ್ಟೂ ಸ್ಥಿತಿ ಕೆಟ್ಟದ್ದು: ಸೊನ್ನೆ ಎಂದರೆ ಏನೂ ತೊಂದರೆ ಇಲ್ಲ, 29 ಎಂದರೆ ಆಳವಾದ ಮಬ್ಬು. (ಬಾರ್ತೆಲ್ ನೋಡಿ ರೂಢಿಯಾದವರು ಇದನ್ನು ತಿರುಗಾಮುರುಗಾ ಓದುತ್ತಾರೆ, ಎಚ್ಚರ.) ಕಣ್ಣು ತೆರೆಯುವುದರಿಂದ ಶುರುವಾಗಿ ನೌಕರಿಯವರೆಗೂ ಒಂದೇ ಹಾಳೆಯಲ್ಲಿ ಸಾಗುತ್ತದೆ. ತಿಂಗಳುಗಟ್ಟಲೆ ಮಬ್ಬಿನಲ್ಲಿದ್ದು ನಿಧಾನಕ್ಕೆ ಏಳುತ್ತಿರುವವರಿಗೆ ಇದೇ ಸರಿ. ಬಾರ್ತೆಲ್ ಅಂಥವರಲ್ಲಿ ಬಹಳ ದಿನ ಸೊನ್ನೆಯಲ್ಲೇ ನಿಂತಿರುತ್ತದೆ, ಮನೆಯವರು ಏನೂ ಸುಧಾರಣೆ ಇಲ್ಲವೆಂದು ಕೈಚೆಲ್ಲುತ್ತಾರೆ.

ಊಟ, ಸಂಡಾಸು, ಮೈ ನೋಡಿಕೊಳ್ಳುವುದು, ಈ ಮೂರರಲ್ಲಿ ಡಿಆರ್‌ಎಸ್ ಕೇಳುವ ಪ್ರಶ್ನೆ ವಿಶೇಷವಾದದ್ದು. ಕೈ ಆಡುತ್ತದೆಯೋ ಇಲ್ಲವೋ ಬಿಡಿ, ಹೇಗೆ ಮಾಡಬೇಕು, ಯಾವಾಗ ಮಾಡಬೇಕು ಎಂಬ ತಿಳಿವಳಿಕೆ ಇದೆಯೇ? ಬಲಗೈ ಬಿದ್ದು ತುತ್ತು ಎತ್ತಲಾಗದೆಯೂ ಹಸಿವಾದಾಗ ತಟ್ಟೆ ಕೇಳುವವರಿಗೆ ಇಲ್ಲಿ ಒಳ್ಳೆಯ ಅಂಕ. ಎರಡೂ ಕೈ ಗಟ್ಟಿಯಿದ್ದು ಹೊತ್ತಿನ ಪರಿವೆ ಇಲ್ಲದವರಿಗೆ ಕೆಟ್ಟ ಅಂಕ. ಬಾರ್ತೆಲ್ ಇದನ್ನು ನೇರ ಉಲ್ಟಾ ಹೇಳುತ್ತದೆ. ಹೀಗಾಗಿ ಎರಡನ್ನೂ ಒಟ್ಟಿಗೆ ತುಂಬಿದರೆ ತೊಂದರೆ ಮೈಯಲ್ಲಿದೆಯೋ ಮಿದುಳಿನಲ್ಲಿದೆಯೋ ಎಂಬುದು ಬೇಗ ಗೊತ್ತಾಗುತ್ತದೆ. ಮನೆ ಸೇರಿದವರಲ್ಲಿ ಮಾತ್ರ ಡಿಆರ್‌ಎಸ್ ಒರಟು. ಸಣ್ಣ ಬದಲಾವಣೆ ಅದಕ್ಕೆ ಕಾಣುವುದಿಲ್ಲ.

ಜಿಒಎಸ್‌ಇ: ‘ಒಂದು ದಿನ ಒಬ್ಬರನ್ನೇ ಬಿಡಬಹುದೇ?’

ಜೆನೆಟ್ ಮತ್ತು ಬಾಂಡ್ 1975ರಲ್ಲಿ ಗ್ಲಾಸ್ಗೋ ಔಟ್‌ಕಮ್ ಸ್ಕೇಲ್ ಎಂದು ಐದು ಹಂತ ಮಾಡಿದರು: ಸಾವು, ಎಚ್ಚರವಿದ್ದೂ ಅರಿವಿಲ್ಲದ ಸ್ಥಿತಿ, ತೀವ್ರ ಅವಲಂಬನೆ, ಮಧ್ಯಮ ಅಂಗವೈಕಲ್ಯ, ಉತ್ತಮ ಚೇತರಿಕೆ. ಕೊನೆಯ ಮೂರನ್ನು ಎರಡೆರಡಾಗಿ ಒಡೆದು ಎಂಟು ಹಂತ ಮಾಡಿದ್ದೇ ಜಿಒಎಸ್‌ಇ, ಅಂದರೆ ಅದೇ ಸ್ಕೇಲಿನ ವಿಸ್ತರಿಸಿದ ರೂಪ. 1998ರಲ್ಲಿ ವಿಲ್ಸನ್, ಪೆಟಿಗ್ರೂ ಮತ್ತು ಟೀಸ್‌ಡೇಲ್ ಅದಕ್ಕೆ ಸಂದರ್ಶನದ ಪ್ರಶ್ನಾವಳಿ ಕೊಟ್ಟ ಮೇಲೆ ಅಂಕ ಹಾಕುವವರ ಮರ್ಜಿ ಕಡಿಮೆಯಾಯಿತು. ಹೊರಗಿನಿಂದ ನೋಡಿದರೆ ಎಂಟೇ ಮೆಟ್ಟಿಲು, ಬರೀ ಸಂಶೋಧಕರ ಸಾಮಾನು ಅನ್ನಿಸುತ್ತದೆ. ನನಗೆ ಇದರ ಬೆಲೆ ಇರುವುದು ಅಂಕದಲ್ಲಲ್ಲ, ಪ್ರಶ್ನೆಗಳಲ್ಲಿ.

ಮನೆಯೊಳಗಿನ ಪ್ರಶ್ನೆ ಇದು: ಬೇಕೆಂದರೆ 24 ಗಂಟೆ ತನ್ನನ್ನು ತಾನೇ ನೋಡಿಕೊಳ್ಳಬಲ್ಲರೇ? ಅದರಲ್ಲಿ ಏನೇನು ಬರುತ್ತದೆ ಎಂದೂ ಬಿಡಿಸಿ ಹೇಳಿದೆ. ಯಾರೂ ಹೇಳದೆ ಜಳಕ ಮಾಡಿ ಒಗೆದ ಬಟ್ಟೆ ಹಾಕಿಕೊಳ್ಳುವುದು, ತನ್ನ ಮಟ್ಟಿಗೆ ತಿನ್ನಲು ಏನಾದರೂ ಮಾಡಿಕೊಳ್ಳುವುದು, ಬಾಗಿಲಿಗೆ ಬಂದವರನ್ನು ಮಾತಾಡಿಸಿ ಕಳಿಸುವುದು, ಮನೆಯ ಸಣ್ಣಪುಟ್ಟ ಅವಘಡ ನಿಭಾಯಿಸುವುದು, ರಾತ್ರಿ ಒಬ್ಬರೇ ಇರುವುದು. ದಿನಾ ಮಾಡುತ್ತಿರಬೇಕು ಎಂದಿಲ್ಲ, ಮಾಡಬಲ್ಲವರಾಗಿರಬೇಕು. ನಮ್ಮ ಕಡೆ ಗಂಡಸರ ವಿಷಯದಲ್ಲಿ ಇದು ದೊಡ್ಡ ಅನುಕೂಲ. “ಅವ್ರು ಮದ್ಲೂ ಅಡಗಿ ಮನಿ ಕಡೆ ಹಣಕಿ ಹಾಕಿದಾವ್ರಲ್ರಿ” ಎಂದು ಹೆಂಡತಿ ನಕ್ಕರೆ, “ಚುನಮರಿಗೆ ಎಣ್ಣಿ ಖಾರ ಕಲಿಸ್ಕೊಂಡರ ತಿಂತಾರಿಲ್ರಿ, ಹಸದ ಕೂಡೂದಿಲ್ಲಲ್ಲ?” ಎಂದು ಕೇಳಿದರೆ ಸಾಕು.

ಮನೆಯ ಹೊರಗೆ ಎರಡು ಪ್ರಶ್ನೆ. ಮೊದಲನೆಯದು ಸಂತೆ. ಏನು ತರಬೇಕೆಂದು ಯೋಚಿಸುವುದು, ರೊಕ್ಕ ತಾನೇ ಸಂಭಾಳಿಸುವುದು, ನಾಲ್ಕು ಜನರ ನಡುವೆ ಸರಿಯಾಗಿ ನಡೆದುಕೊಳ್ಳುವುದು, ಮೂರೂ ಸೇರಿದರೆ ಮಾತ್ರ ‘ಹೌದು’. ಓಣಿಯ ಕಿರಾಣಿ ಅಂಗಡಿಗೆ ಚೀಟಿ ಕೊಟ್ಟು ಕಳಿಸಿದರೆ ಅಂಗಡಿಯವರೇ ಎಲ್ಲ ನೋಡಿಕೊಳ್ಳುತ್ತಾರೆ, ಅದು ಲೆಕ್ಕಕ್ಕಿಲ್ಲ. ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯ ಗದ್ದಲದಲ್ಲಿ ದರ ಕೇಳಿ, ಚಿಲ್ಲರೆ ಎಣಿಸಿ, ಯಾರಾದರೂ ಭುಜ ತಾಗಿಸಿದರೆ ಸಿಟ್ಟಿಗೇಳದೆ ಬಂದರೆ ಅದು ಸಂತೆ. ಎರಡನೆಯದು ಪ್ರಯಾಣ. ಬಸ್ಸು, ಟಂಟಂ ಯಾವುದಾದರೂ ಸರಿ. ಆಟೋ ಆದರೂ ತಾನೇ ಕರೆದು ಎಲ್ಲಿಗೆಂದು ಹೇಳಬಲ್ಲವರಾದರೆ ಸಾಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ (ಬಿಆರ್‌ಟಿಎಸ್) ಒಬ್ಬರೇ ಹೋಗಿಬಂದರು ಎಂಬುದು ಒಳ್ಳೆಯ ಪುರಾವೆ, ಆದರೆ ಪೂರ್ತಿ ಪುರಾವೆಯಲ್ಲ. ಅಲ್ಲಿ ಪ್ಲಾಟ್‌ಫಾರ್ಮ್ ಬಸ್ಸಿನ ಮಟ್ಟಕ್ಕಿದೆ, ದಾರಿ ಒಂದೇ. ಹಳೆ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಓದಿ ತಮ್ಮೂರಿನ ಬಸ್ಸು ಹುಡುಕಿ ಹತ್ತುವುದು ಬೇರೆಯೇ ಕೆಲಸ.

ಈ ಮನೆ, ಸಂತೆ, ಪ್ರಯಾಣ ಮೂರರಲ್ಲಿ ಒಂದರಲ್ಲಿ ಸಹಾಯ ಬೇಕೆಂದರೂ ಅವರು ತೀವ್ರ ಅವಲಂಬನೆಯ ಗುಂಪಿಗೇ ಬರುತ್ತಾರೆ. ಆ ಗುಂಪಿನೊಳಗೆ ಹಗಲು 8 ಗಂಟೆ ಒಬ್ಬರನ್ನೇ ಮನೆಯಲ್ಲಿ ಬಿಡಬಹುದೆಂದರೆ 4, ಬಿಡಲಾಗದೆಂದರೆ 3. ಬೆಟಗೇರಿಯವರು ಬಾರ್ತೆಲ್‌ನಲ್ಲಿ 95, ಇಲ್ಲಿ 3. ಆ ತಾಯಂದಿರು ಫೋನಿನಲ್ಲಿ ಕೇಳುವ ಪ್ರಶ್ನೆಗೆ ಮುಖಾಮುಖಿ ಉತ್ತರ ಇರುವುದು ಈ ಎಂಟು ಗಂಟೆಯ ಗೆರೆಯಲ್ಲಿ. ಆಮೇಲಿನ ಪ್ರಶ್ನೆಗಳು ಕೆಲಸ, ಗೆಳೆತನ, ಮನೆಯೊಳಗಿನ ಜಗಳ ಇವುಗಳ ಬಗ್ಗೆ. ಪೆಟ್ಟಾಗುವ ಮೊದಲು ಹೇಗಿದ್ದರು ಎಂದೂ ಪ್ರತಿಯೊಂದಕ್ಕೂ ಕೇಳುತ್ತದೆ, ಅದು ಬಹಳ ಮುಖ್ಯ.

ಕೊರತೆ ಎಂದರೆ ಮೆಟ್ಟಿಲುಗಳು ಎತ್ತರ. ಮೂರರಿಂದ ನಾಲ್ಕಕ್ಕೆ ಏರಲು ತಿಂಗಳುಗಳೇ ಬೇಕಾಗಬಹುದು. ಪ್ರತಿವಾರ ತುಂಬುವುದರಲ್ಲಿ ಅರ್ಥವಿಲ್ಲ. ಮೂರು ತಿಂಗಳು, ಆರು ತಿಂಗಳು, ವರ್ಷ, ಹೀಗೆ ಇಟ್ಟುಕೊಳ್ಳಿ.

ಕಾಯುವವರ ಗಂಟೆ

ಸೂಪರ್ವಿಜನ್ ರೇಟಿಂಗ್ ಸ್ಕೇಲ್, 1996ರಲ್ಲಿ ಬೋಕ್ ಎಂಬುವರು ಮಾಡಿದ್ದು, ನಮ್ಮಲ್ಲಿ ಹೆಸರು ಕೇಳಿದವರೇ ಕಡಿಮೆ. 13 ಹಂತ, ಐದು ಗುಂಪು: ಕಾವಲು ಬೇಡ, ರಾತ್ರಿ ಮಾತ್ರ ಬೇಕು, ದಿನದ ಕೆಲವು ಹೊತ್ತು ಬೇಕು, ಸದಾ ಒಬ್ಬರು ಮನೆಯಲ್ಲಿರಬೇಕು, ಸದಾ ಒಬ್ಬರ ಕಣ್ಣು ಮೇಲಿರಬೇಕು. ಕೊನೆಯ ಎರಡರ ನಡುವಿನ ಗೆರೆ ಅರ್ಧ ಗಂಟೆಯದು: ಅರ್ಧ ಗಂಟೆಗೊಮ್ಮೆಗಿಂತ ಹೆಚ್ಚು ಸಲ ಹೋಗಿ ನೋಡಬೇಕಾಗುತ್ತದೆಯೇ ಎಂಬುದು. ಇಡೀ ಮಾಪಕ ರೋಗಿಯನ್ನು ಬಿಟ್ಟು ಕಾಯುವವರನ್ನು ಅಳೆಯುತ್ತದೆ ಎನ್ನಿ.

ಆದರೆ ಇದು ನಿಜವಾಗಿ ಸಿಗುತ್ತಿರುವ ಕಾವಲನ್ನು ಬರೆಯುತ್ತದೆ. ನಮ್ಮ ಕೂಡು ಕುಟುಂಬಗಳಲ್ಲಿ ಎಡವುವುದು ಇಲ್ಲೇ. “ಯಾವಾಗ್ಲೂ ಯಾರರ ಇರ್ತಾರ್ರಿ ಮನ್ಯಾಗ” ಎಂಬುದು ಎಲ್ಲ ಮನೆಯ ಉತ್ತರ. ಮನೆಯಲ್ಲಿ ಜನ ಇರುವುದು ಒಂದು, ಇವರಿಗಾಗಿಯೇ ಒಬ್ಬರು ಉಳಿದಿರುವುದು ಇನ್ನೊಂದು. ಬಿಡಿಸಿಕೊಳ್ಳಲು ನಾನು ಕೇಳುವುದು ಹೀಗೆ: ಕೊನೆಯ ಮದುವೆಗೆ ಯಾರು ಹೋಗಲಿಲ್ಲ? ಕೂಲಿ ಬಿಟ್ಟವರು ಯಾರು? ಸುಗ್ಗಿಯಲ್ಲಿ ಹೊಲಕ್ಕೆ ಹೋಗುವಾಗ ಯಾರನ್ನು ಮನೆಯಲ್ಲಿ ಬಿಟ್ಟಿರಿ? ರಾತ್ರಿ ಹೊರಬಾಗಿಲಿಗೆ ಒಳಗಿನಿಂದ ಬೀಗ ಹಾಕುವುದು ಯಾವಾಗಿನಿಂದ? ಈ ಉತ್ತರಗಳಲ್ಲಿ ಸಾಮಾನ್ಯವಾಗಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ, ಹೆಚ್ಚಾಗಿ ತಾಯಿಯದೋ ಹೆಂಡತಿಯದೋ.

ಹಾಗಾದರೆ ನನ್ನ ಆಯ್ಕೆ? ದುಡ್ಡೂ ತಂಡವೂ ಇಲ್ಲದ ಕಡೆ, ಬಿಡುಗಡೆಯ ದಿನ ಬಾರ್ತೆಲ್, ಆಮೇಲೆ ಮೂರನೇ ಮತ್ತು ಆರನೇ ತಿಂಗಳಿಗೆ ಜಿಒಎಸ್‌ಇ, ಅದರ ಜೊತೆಗೆ ಕಾವಲಿನ ಗಂಟೆಗಳ ಲೆಕ್ಕ. ಹಿಂದಿನ ವಾರದಲ್ಲಿ ಅತಿ ಹೆಚ್ಚು ಎಷ್ಟು ಹೊತ್ತು ಒಬ್ಬರೇ ಇದ್ದರು, ಆಗ ಏನಾಯಿತು ಎಂದು ಒಂದು ಸಾಲು. ಫಿಟ್ಸ್ ಬಂದವರಿದ್ದರೆ ಆ ಸಾಲನ್ನು ಬಿಗಿಯಾಗಿ ಓದಬೇಕು: ಬುದ್ಧಿ ಎಷ್ಟೇ ಚುರುಕಿದ್ದರೂ ಒಲೆ, ಬಾವಿ, ಕೃಷಿ ಹೊಂಡ, ಬೈಕ್ ಇವುಗಳ ಹತ್ತಿರ ಒಬ್ಬರನ್ನೇ ಬಿಡುವುದು ವೈದ್ಯರನ್ನು ಕೇಳಿದ ಮೇಲೆಯೇ.

ಉಳಿದವು

ಲಾಟನ್ ಮತ್ತು ಬ್ರೋಡಿಯ 1969ರ ಪಟ್ಟಿ ವಯಸ್ಸಾದವರಿಗಾಗಿ ಮಾಡಿದ್ದು. ಫೋನ್, ಸಂತೆ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿ, ಹಣಕಾಸು ಎಂದು ಎಂಟು. ಹಿಂದೆ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಬಿಟ್ಟು ಐದನ್ನೇ ಎಣಿಸುತ್ತಿದ್ದರು. ಅಂಕಕ್ಕಿಂತ ಅದರ ಪ್ರಶ್ನೆಗಳು ಉಪಯುಕ್ತ, ಅದರಲ್ಲೂ ಗುಳಿಗಿ ಮತ್ತು ರೊಕ್ಕ. ಫೋನ್ ಎಂದರೆ ಈಗ ಫೋನ್‌ಪೇ ಕೂಡ ಎಂದು ತಿಳಿದು ಕೇಳಿ. ಬಂದ ಒಟಿಪಿಯನ್ನು ಯಾರು ಕೇಳಿದರೂ ಹೇಳಿಬಿಡುವವರು ಹಣದ ವಿಷಯದಲ್ಲಿ ಸ್ವತಂತ್ರರಲ್ಲ.

ಮನೆ, ಸಮಾಜ, ಕೆಲಸದಲ್ಲಿ ಎಷ್ಟು ಬೆರೆತಿದ್ದಾರೆಂದು ಕೇಳುವ ಕಮ್ಯುನಿಟಿ ಇಂಟಿಗ್ರೇಷನ್ ಕ್ವೆಶ್ಚನೇರ್‌ನಲ್ಲಿ 15 ಪ್ರಶ್ನೆ, 29 ಅಂಕ. ಮನೆಗೆಲಸ ಯಾರು ಮಾಡುತ್ತಾರೆ ಎಂಬುದಕ್ಕೆ ಅದರಲ್ಲಿ 10 ಅಂಕದವರೆಗೆ ಇದೆ. ಹೀಗಾಗಿ ಸೊಸೆಯಂದಿರಿರುವ ಮನೆಯ ಆರೋಗ್ಯವಂತ ಮಾವನಿಗೂ ಕಡಿಮೆ ಬರುತ್ತದೆ. ನಾನು ಬಳಸುವುದಿಲ್ಲ.

ಮೇಯೊ-ಪೋರ್ಟ್‌ಲ್ಯಾಂಡ್ ಎಂಬ ಮಾಪಕ ಒಳ್ಳೆಯದು, ಪುಕ್ಕಟೆಯೂ ಹೌದು. ರೋಗಿ, ಮನೆಯವರು, ಸಿಬ್ಬಂದಿ ಮೂವರೂ ಬೇರೆ ಬೇರೆ ತುಂಬಬಹುದು. ಪೂರ್ತಿ ತುಂಬಲು ಹೊತ್ತಿಲ್ಲದಿದ್ದರೆ ಪಾಲ್ಗೊಳ್ಳುವಿಕೆಯ ಎಂಟು ಅಂಶಗಳನ್ನಷ್ಟೇ ತುಂಬಿ. ಮತ್ತೆ ಕೆಲಸಕ್ಕೆ ಹೋಗಬೇಕೆಂದು ಒದ್ದಾಡುತ್ತಿರುವ ಹರೆಯದವರಿಗೆ ಇದೇ ನನ್ನ ಮೊದಲ ಆಯ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ವೋಡಾಸ್ 2.0 ಎಂಬ 12 ಪ್ರಶ್ನೆ ಅಥವಾ 36 ಪ್ರಶ್ನೆಗಳ ಮಾಪಕ ಹಿಂದಿನ 30 ದಿನದ ಕಷ್ಟವನ್ನು ಕೇಳುತ್ತದೆ. ಯಾವ ಕಾಯಿಲೆಗಾದರೂ ಸರಿ, ಆದರೆ ಹೆಚ್ಚಾಗಿ ರೋಗಿಯ ಸ್ವಂತ ಮಾತಿನ ಮೇಲೆ ನಿಂತಿದೆ.

ಯಾರ ಮಾತು ನಂಬುವುದು?

ತಲೆಪೆಟ್ಟಿನಲ್ಲಿ ತನಗೇನೂ ಆಗಿಲ್ಲ ಎಂಬ ಭಾವನೆಯೇ ಗಾಯದ ಒಂದು ಭಾಗವಾಗಿರಬಹುದು. “ನಂಗೇನಾಗೇತ್ರಿ, ಆರಾಮ ಅದೀನಿ” ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಕಾಣುತ್ತಿಲ್ಲ. ಹಾಗೆಂದು ಮನೆಯವರ ಮಾತನ್ನೇ ಪೂರ್ತಿ ಹಿಡಿಯುವಂತಿಲ್ಲ. ಹೆದರಿದ ತಾಯಿ ಏನನ್ನೂ ಮಾಡಗೊಡದೆ “ಏನೂ ಬರೂದಿಲ್ರಿ” ಎನ್ನುತ್ತಾರೆ. ಕುಂದು ಹೊರಗೆ ತೋರಿಸಲೊಲ್ಲದ ಅಣ್ಣ “ಎಲ್ಲಾ ಬರ್ತೈತಿ” ಎನ್ನುತ್ತಾನೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿ, ಎರಡೂ ಉತ್ತರ ಬರೆದಿಡಿ. ರೋಗಿಯ ಅಂಕಕ್ಕೂ ಮನೆಯವರ ಅಂಕಕ್ಕೂ ಇರುವ ಅಂತರವೇ ಒಂದು ಮಾಹಿತಿ.

ಅದಕ್ಕಿಂತ ಒಳ್ಳೆಯದು ಕಣ್ಣಾರೆ ನೋಡುವುದು. “ನಮಗೂ ಒಂದೀಟು ಚಾ ಮಾಡ್ರಲ್ಲ” ಎನ್ನಿ. ಲೈಟರ್ ಎಲ್ಲಿದೆ ಎಂದು ನೆನಪಿದೆಯೇ, ಸಕ್ಕರೆ ಎರಡು ಸಲ ಬಿತ್ತೇ, ಹಾಲು ಉಕ್ಕುವಾಗ ಅಲ್ಲೇ ಇದ್ದರೇ ಅಥವಾ ಟಿವಿಯ ಮುಂದೆ ಹೋದರೇ, ಕೊನೆಗೆ ನಾಬ್ ತಿರುಗಿಸಿದರೇ? ಹೆಂಡತಿ ಕಣ್ಸನ್ನೆ ಮಾಡದಂತೆ ಅವರನ್ನು ಬೇರೆ ಮಾತಿಗೆ ಎಳೆದಿರಿ. ಇದು ಮಾಪಕವಲ್ಲ, ಅಂಕವೂ ಇಲ್ಲ, ಆದರೆ ಮಾಪಕ ತುಂಬುವ ಕೈಗೆ ಇದರಿಂದ ಬಲ ಬರುತ್ತದೆ. ಇನ್ನೂ ದಿನ, ಜಾಗ ಗೊತ್ತಾಗದೆ ಹೊಸ ನೆನಪು ನಿಲ್ಲದ ಹಂತದಲ್ಲಿರುವವರಿಗೆ ಇದಾವುದೂ ಬೇಡ, ಮೊದಲು ಆ ಮಬ್ಬು ಕಳೆಯಲಿ.

ಕಚೇರಿಯ ಕಾಗದಕ್ಕೆ

ಮೇಲಿನ ಯಾವ ಅಂಕವೂ ಅಂಗವಿಕಲತೆಯ ಶೇಕಡಾವಾರು ಅಲ್ಲ. ಬಾರ್ತೆಲ್ 60 ಬಂದರೆ 40 ಪರ್ಸೆಂಟ್ ಅಂಗವೈಕಲ್ಯ ಎಂದು ಕಳೆದು ಹೇಳುವವರನ್ನು ಕಂಡಿದ್ದೇನೆ, ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ, ತಲೆಪೆಟ್ಟು ಎಂಬ ಪ್ರತ್ಯೇಕ ಬಗೆ ಇಲ್ಲ. ಉಳಿದ ತೊಂದರೆ ಚಲನೆಯದೋ, ಮಾತಿನದೋ, ಮನಸ್ಸಿನದೋ ಎಂದು ನೋಡಿ ಆಯಾ ತಜ್ಞರು ನಿಗದಿ ಮಾಡುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ 40 ಶೇಕಡಾ ಬೇಕು. ಮಾನಸಿಕ ಅಸ್ವಸ್ಥತೆಯ ಬಗೆಯಲ್ಲಿ ಬಳಸುವುದು ಐಡಿಯಾಸ್ ಎಂಬ ಭಾರತದ್ದೇ ಮಾಪಕ. ಸ್ವಂತ ಆರೈಕೆ, ಜನರೊಡನೆ ಸಂಬಂಧ, ಮಾತುಕತೆ-ತಿಳಿವಳಿಕೆ, ಕೆಲಸ ಎಂಬ ನಾಲ್ಕು ಕ್ಷೇತ್ರಕ್ಕೆ ಅಂಕ ಕೊಟ್ಟು, ಕಾಯಿಲೆ ಎಷ್ಟು ವರ್ಷದ್ದು ಎಂಬುದನ್ನೂ ಕೂಡಿಸಿ ಒಟ್ಟು 20ಕ್ಕೆ ಎಣಿಸುತ್ತಾರೆ. 7 ಆದರೆ 40 ಶೇಕಡಾ ಮುಟ್ಟಿದಂತೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಜಿಲ್ಲಾಸ್ಪತ್ರೆಗೋ ಹೋಗುವಾಗ ಬರೀ ಸ್ಕ್ಯಾನ್ ಫಿಲ್ಮ್ ಒಯ್ಯಬೇಡಿ, ಮನೆಯ ದಿನಚರಿಯ ಬರಹವನ್ನೂ ಒಯ್ಯಿರಿ. ನೋಡಲು ಗಟ್ಟಿಮುಟ್ಟಾದವರು ಐದು ನಿಮಿಷದ ಮಾತಿನಲ್ಲಿ ಚೆನ್ನಾಗಿಯೇ ಕಾಣುತ್ತಾರೆ.

ಅಪಘಾತ ಪರಿಹಾರದ ದಾವೆಯಲ್ಲಿ ಇದರ ತೂಕ ಇನ್ನೂ ಹೆಚ್ಚು. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು, ದೇಹದ ಅಂಗವೈಕಲ್ಯದ ಶೇಕಡಾವನ್ನೇ ದುಡಿಮೆಯ ನಷ್ಟದ ಶೇಕಡಾ ಎಂದು ಹಿಡಿಯಬಾರದು, ಆ ವ್ಯಕ್ತಿ ಮೊದಲು ಮಾಡುತ್ತಿದ್ದ ಕೆಲಸವೇನು, ಈಗ ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಎಂದು ನೋಡಬೇಕು ಎಂದು. ಮಗ್ಗದವರಿಗೆ ಎಳೆಯ ಲೆಕ್ಕ ತಪ್ಪುವುದು, ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೆ ದರ ನೆನಪಿರದಿರುವುದು, ಡ್ರೈವರಿಗೆ ಫಿಟ್ಸ್ ಬರುವುದು ಎಕ್ಸ್‌ರೇಯಲ್ಲಿ ಕಾಣುವಂಥವಲ್ಲ. ನ್ಯಾಯಮಂಡಳಿಯಿಂದ ಧಾರವಾಡದ ಹೈಕೋರ್ಟ್ ಪೀಠದವರೆಗೆ ಕಾಗದ ಹೋಗುವಷ್ಟರಲ್ಲಿ ವರ್ಷಗಳೇ ಆಗಬಹುದು, ಆಗ ಯಾರಿಗೂ ಆರನೇ ತಿಂಗಳಲ್ಲಿ ಹೇಗಿದ್ದರೆಂದು ನೆನಪಿರುವುದಿಲ್ಲ. ಅದಕ್ಕೇ ಪ್ರತಿ ಹಾಳೆಯ ಮೇಲೂ ತಾರೀಖು, ಮಾಪಕದ ಪೂರ್ತಿ ಹೆಸರು, ಮಾಹಿತಿ ಕೊಟ್ಟವರು ಯಾರು, ಅವರು ರೋಗಿಗೆ ಏನಾಗಬೇಕು, ತುಂಬಿದವರ ಸಹಿ ಇವಿಷ್ಟೂ ಇರಲಿ. ಮುಂದಿನ ಸಲ ಸಾಧ್ಯವಾದಷ್ಟು ಅದೇ ವ್ಯಕ್ತಿಯನ್ನೇ ಕೇಳಿ ತುಂಬಿ.